ಹಿಂದಿನ ಗೇಟು

ನಮ್ಮ ಕಾಲೇಜಿಗೆ ಮೂರು ಗೇಟು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಆ ದಿನ ನನ್ನ ತಲೆ ಕೆಟ್ಟ ಹಾಗೆ ನಿಮ್ಮದೂ ಕೆಡುತ್ತದೆ. ದೊಡ್ಡ ರಸ್ತೆಗೆ ಮುಖ ಮಾಡಿರುವುದು ಹೋದ ವರ್ಷ ಕಟ್ಟಿದ ಹೊಸ ಗೇಟು. ಅದಕ್ಕೂ ಮೊದಲು ಎಲ್ಲರೂ ಓಡಾಡುತ್ತಿದ್ದ ಗೇಟು ಪಶ್ಚಿಮಕ್ಕಿದೆ, ಈಗ ಅದಕ್ಕೆ ಬೀಗ. ಮೂರನೆಯದು ಲ್ಯಾಬುಗಳ ಬೆನ್ನಿಗೆ, ಕಸದ ಗಾಡಿ ಬರುವ ಸಣ್ಣ ಗೇಟು. ಪಶ್ಚಿಮದ ಗೇಟಿಗೂ ಇದಕ್ಕೂ ಕಾಂಪೌಂಡಿನೊಳಗೇ ನಡೆದರೂ ಇಪ್ಪತ್ತು ನಿಮಿಷ ಬೇಕು.

ನಾನು ಸಾರಿಗೆ ವಿಭಾಗದ ಗುಮಾಸ್ತ. ಬಸ್ಸಿನ ವೇಳಾಪಟ್ಟಿ, ಪಾರ್ಕಿಂಗ್ ಚೀಟಿ, ಗಾಡಿ ನಿಲ್ಲಿಸುವ ಜಾಗಕ್ಕಾಗಿ ಹುಡುಗರ ಜಗಳ ಎಲ್ಲ ನನ್ನ ಮೇಜಿಗೇ ಬರುತ್ತದೆ. ಸೂಚನೆ ಬರೆಯುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬ ಬೇರೆ. ಕಾಗುಣಿತ ತಪ್ಪಿದ ಅರ್ಜಿಯನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕೊಡುತ್ತೇನೆ. ಹುಡುಗರು ನನಗಿಟ್ಟ ಹೆಸರು 'ಒತ್ತಕ್ಷರ'.

ಹೊಸ ಗೇಟಿನೆದುರು ಪೈಪು ಹೂಳಲು ರಸ್ತೆ ಅಗೆಯುವುದೆಂದಾಯಿತು. ಮರುದಿನ ಬಸ್ಸು, ಸ್ಕೂಟರು ಎಲ್ಲವನ್ನೂ ಸಣ್ಣ ಗೇಟಿಗೆ ತಿರುಗಿಸಬೇಕು. ಲ್ಯಾಬ್ ಹತ್ತಿರದ ಗೇಟು ಅಂತ ಬರೆದರೆ ಸಾಕು ಸಾರ್ ಎಂದು ವಾಚ್‌ಮನ್ ಹೇಳಿದ. ಸೂಚನೆ ಬರೆಯುವುದನ್ನು ಇವನಿಂದ ಕಲಿಯಬೇಕೇ ಎಂದು ನನಗೆ ಪಿತ್ತ ನೆತ್ತಿಗೇರಿತು. ಅವನನ್ನು ಗದರಿ, ನಾನೇ ಬರೆದು, ಫಲಕಕ್ಕೂ ಡ್ರೈವರುಗಳ ಮೊಬೈಲಿಗೂ ಕಳಿಸಿದೆ: "ಮುಂದಿನ ಗೇಟಿನಲ್ಲಿ ಕಾಮಗಾರಿ ಇರುವುದರಿಂದ ನಾಳೆ ಎಲ್ಲ ವಾಹನಗಳೂ ಹಿಂದಿನ ಗೇಟಿಗೆ ಬರತಕ್ಕದ್ದು."

ಆ ನಾಳೆಯೇ ನನ್ನ ಮಗಳಿಗೆ ರಸಾಯನಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆ. ಅವಳ ಕಾಲೇಜು ಬೇರೆ, ಪರೀಕ್ಷಾ ಕೇಂದ್ರ ಮಾತ್ರ ನಮ್ಮಲ್ಲಿ. ಹೋದ ಸಲ ಕಾಮಾಲೆಯಾಗಿ ಅದೊಂದು ಉಳಿದುಕೊಂಡಿತ್ತು. ಈ ಸಲವೂ ತಪ್ಪಿದರೆ ಇನ್ನೊಂದು ವರ್ಷ ಮನೆಯಲ್ಲೇ. ಒಂಬತ್ತೂವರೆಗೆ ಶುರು, ಒಂಬತ್ತೂ ಮುಕ್ಕಾಲಿಗೆ ಲ್ಯಾಬಿನ ಬಾಗಿಲು ಬಂದ್. ಇವತ್ತೊಂದು ದಿನ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಪ್ಪಾ ಎಂದು ಬೆಳಿಗ್ಗೆ ಕೇಳಿದಳು. ಬಸ್ಸು ಲ್ಯಾಬಿನ ಬೆನ್ನಿಗೇ ಬಂದು ನಿಲ್ಲುವಂತೆ ನಾನೇ ಏರ್ಪಾಟು ಮಾಡಿರುವಾಗ ಸ್ಕೂಟರೇಕೆ ಎಂದು ಎಂಟಕ್ಕೆಲ್ಲ ಹೊರಟುಬಿಟ್ಟೆ.

ಒಂಬತ್ತೂಕಾಲಿಗೆ ಸಣ್ಣ ಗೇಟಿನ ಬಳಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಸ್ಕೂಟರುಗಳು. ನನ್ನದು ಎಲ್ಲಕ್ಕಿಂತ ಒಳಗೆ ಸಿಕ್ಕಿಬಿದ್ದಿತ್ತು. ಬರಬೇಕಾದ ನಾಲ್ಕು ಬಸ್ಸುಗಳಲ್ಲಿ ಎರಡು ಬಂದಿದ್ದವು, ಮಗಳ ಬಸ್ಸು ಪತ್ತೆಯಿಲ್ಲ. ಡ್ರೈವರಿಗೆ ಫೋನು ಮಾಡಿದರೆ, ಹಿಂದಿನ ಗೇಟಲ್ಲೇ ನಿಂತು ಹತ್ತು ನಿಮಿಷವಾಯಿತು, ಬೀಗ ಯಾರು ತೆಗೆಯುತ್ತಾರೆ ಎಂದು ನನ್ನನ್ನೇ ಕೇಳಿದ. ಸುತ್ತ ತಿರುಗಿ ನೋಡಿದೆ. ಗೇಟು ಹಾರುಹೊಡೆದಿತ್ತು, ಅವನ ಬಸ್ಸು ಮಾತ್ರ ಇರಲಿಲ್ಲ. ಬೆಳಿಗ್ಗೆಯೇ ಕುಡಿದಿದ್ದಾನೆಯೇ ಎಂದುಕೊಳ್ಳುವಷ್ಟರಲ್ಲಿ ಮಗಳ ಫೋನು ಬಂತು.

"ಅಪ್ಪಾ, ಹಿಂದಿನ ಗೇಟಲ್ಲಿದ್ದೀನಿ. ನೀನೆಲ್ಲೂ ಕಾಣ್ತಿಲ್ಲ."

"ನಾನೂ ಹಿಂದಿನ ಗೇಟಲ್ಲೇ ಇದ್ದೀನಲ್ಲಮ್ಮ. ನೀನೆಲ್ಲಿದ್ದೀಯ?"

"ಹಿಂದಿನ ಗೇಟಲ್ಲೇ ಅಂದ್ನಲ್ಲಪ್ಪಾ."

ಕೈಯೆತ್ತು ಎಂದೆ. ಎತ್ತಿದೆ ಎಂದಳು. ಮುನ್ನೂರು ತಲೆಗಳ ನಡುವೆ ಒಂದು ಕೈಯೂ ಕಾಣಲಿಲ್ಲ. ಇನ್ನೂ ಮೇಲಕ್ಕೆತ್ತು ಎಂದೆ. ಗಡಿಯಾರದಲ್ಲಿ ಒಂಬತ್ತೂ ಇಪ್ಪತ್ತೆಂಟು.

ವಾಚ್‌ಮನ್ ನನ್ನ ಕೈಯಿಂದ ಫೋನು ತೆಗೆದುಕೊಂಡು, ಎದುರಿಗೆ ಏನು ಕಾಣುತ್ತಿದೆ ಎಂದು ಅವಳನ್ನು ವಿಚಾರಿಸಿದ. ಆಮೇಲೆ ನನ್ನ ಕಡೆ ತಿರುಗಿದ.

"ಮಗಳು ಹಿಂದಿನ ಗೇಟಲ್ಲೇ ಇದ್ದಾಳೆ ಸಾರ್. ಹಿಂದೆ ಇತ್ತಲ್ಲ, ಆ ಗೇಟು."

ನನ್ನ ಸೂಚನೆಯನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿಕೊಂಡೆ. ಕಾಗುಣಿತ ತಪ್ಪಿರಲಿಲ್ಲ, ವ್ಯಾಕರಣವೂ ತಪ್ಪಿರಲಿಲ್ಲ. ಇಬ್ಬರು ಡ್ರೈವರುಗಳು ಬೆನ್ನಿಗಿರುವ ಗೇಟು ಎಂದು ಓದಿಕೊಂಡರು, ಇನ್ನಿಬ್ಬರು ಮೊದಲಿದ್ದ ಗೇಟು ಎಂದು ಓದಿಕೊಂಡರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು, ನೊಗ ಕಟ್ಟಿದವನು ಮಾತ್ರ ನಾನು.

ಸ್ಕೂಟರು ಹೊರಬರುವಂತಿರಲಿಲ್ಲ. ವಾಚ್‌ಮನ್ ಬೀಗದ ಕೈ ಹಿಡಿದು ಸೈಕಲ್ಲು ತುಳಿದ. ಅವನು ಗೇಟು ತೆಗೆದ ಮೇಲೆ ಮಗಳು ಮೈದಾನ ಅಡ್ಡಹಾಯ್ದು ಓಡಿಬಂದಳು. ಅಷ್ಟರಲ್ಲಿ ಒಂಬತ್ತೂ ಐವತ್ತೆರಡು. ಲ್ಯಾಬಿನ ಬಾಗಿಲು ಮುಚ್ಚಿತ್ತು. ಅವಳು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ, ಗೋಡೆಗೊರಗಿ ಏದುಸಿರು ಬಿಡುತ್ತಿದ್ದಳು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಒಂದು ಹಾಳೆಯಲ್ಲಿ ಅರ್ಜಿ ಬರೆದೆ. ಕಾರಣ: ಸಾರಿಗೆ ಗುಮಾಸ್ತನ ಸೂಚನೆಗೆ ಎರಡರ್ಥವಿದ್ದುದು. ಕೆಳಗೆ ಅದೇ ಗುಮಾಸ್ತನ ಸಹಿ. ಬಾಗಿಲ ಸಂದಿನಿಂದ ಒಳಕ್ಕೆ ತಳ್ಳಿದೆ. ಸ್ವಲ್ಪ ಹೊತ್ತಿಗೆ ಹಾಳೆ ಅದೇ ದಾರಿಯಲ್ಲಿ ವಾಪಸು ಬಂತು. ಮೂಲೆಯಲ್ಲಿ ಪರೀಕ್ಷೆ ನಡೆಸುತ್ತಿದ್ದ ಮೇಷ್ಟರ ಅಕ್ಷರ: "ಮುಂದಿನ ಬ್ಯಾಚಿಗೆ ಸೇರಿಸಿ."

ಮಗಳು ಎರಡು ಸಲ ಓದಿದಳು.

"ಅಪ್ಪಾ, ಮುಂದಿನ ಬ್ಯಾಚು ಅಂದ್ರೆ ಮಧ್ಯಾಹ್ನದ್ದಾ, ಬರೋ ವರ್ಷದ್ದಾ?"

ಊರಿನ ಅರ್ಜಿಯನ್ನೆಲ್ಲ ತಿದ್ದಿದವನಿಗೆ ಮೂರೇ ಮೂರು ಪದ ಅರ್ಥವಾಗಲಿಲ್ಲ. ಪರೀಕ್ಷೆ ನಡೆಯುವಾಗ ಬಾಗಿಲು ಬಡಿಯಬಾರದೆಂಬ ಸೂಚನೆ ಅಲ್ಲೇ ಅಂಟಿಸಿತ್ತು, ಅದೂ ನನ್ನದೇ ಬರಹ. ಬಡಿದೆ. ಮೇಷ್ಟರು ಅರ್ಧ ಬಾಗಿಲು ತೆಗೆದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇವತ್ತು ಎರಡು ಗಂಟೆಗೆ ಕಣ್ರೀ. ನಿಮಗೆ ಓದೋಕೆ ಬರಲ್ವಾ?"

"ಇಲ್ಲ ಸಾರ್," ಎಂದೆ.

ಮಗಳು ಆಗ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಎರಡು ಗಂಟೆಯವರೆಗೆ ಏನಾದರೂ ತಿನ್ನಬೇಕಲ್ಲ, ಕ್ಯಾಂಟೀನು ಯಾವ ಕಡೆ ಎಂದು ಕೇಳಿದಳು. ನಾಲಿಗೆಯ ತುದಿಗೆ ಬಂದ 'ಹಿಂದೆ' ಎಂಬ ಮಾತನ್ನು ನುಂಗಿಕೊಂಡು ಬೆರಳು ಮಾಡಿ ತೋರಿಸಿದೆ.