ರೆಪ್ಪೆಗೂದಲಿನ ಗುಂಪಿನಲ್ಲಿದ್ದ ಕಳ್ಳ

ನಾಲ್ಕು ಲಕ್ಷ ಫೈಲುಗಳ ನಡುವೆ ಕೆಟ್ಟಿದ್ದ ಒಂದೇ ಒಂದನ್ನು ಕಣ್ಣು ಮುಚ್ಚಿಕೊಂಡು, ಬರೀ ವಾಸನೆಯಿಂದ ಹಿಡಿದವನು ಈ ಭೂಮಂಡಲದಲ್ಲಿ ನಾನೊಬ್ಬನೇ. ಕಂಪ್ಯೂಟರಿಗೆಲ್ಲಿಯ ವಾಸನೆ ಎನ್ನುವವರು ಮೂಗನ್ನು ಅಂದಕ್ಕಷ್ಟೇ ಇಟ್ಟುಕೊಂಡವರು.

ಫೈಲುಗಳು ನಮ್ಮಕ್ಕನವು. ಅಕ್ಕ ಬಟ್ಟೆ ಹೊಲಿಯುವವಳು. ಬಿಡುವಾದಾಗ ಕಂಪ್ಯೂಟರಿನ ಆಟವೊಂದರಲ್ಲಿ ಸಂಸಾರ ನಡೆಸುತ್ತಾಳೆ. ಆ ಆಟದಲ್ಲಿ ಜನ ಹುಟ್ಟುತ್ತಾರೆ, ಕೆಲಸಕ್ಕೆ ಹೋಗುತ್ತಾರೆ, ಜಗಳವಾಡುತ್ತಾರೆ, ಮುದುಕರಾಗುತ್ತಾರೆ. ಆಟದ ಜೊತೆ ಬರುವ ಬಟ್ಟೆ, ಕೂದಲು, ಕುರ್ಚಿ ಸಾಲದಿದ್ದರೆ ಬೇರೆಯವರು ಮಾಡಿಟ್ಟದ್ದನ್ನು ಇಳಿಸಿಕೊಂಡು ಒಂದು ಫೋಲ್ಡರಿಗೆ ತುಂಬಬಹುದು. ಅಕ್ಕ ದಿಂಬಿಗೆ ಹತ್ತಿ ತುರುಕಿದ ಹಾಗೆ ತುಂಬಿದ್ದಳು. ಮೂರು ವರ್ಷದಲ್ಲಿ ಅವಳ ಸಂಸಾರ ಏಳು ತಲೆಮಾರು ಬೆಳೆದಿತ್ತು.

ಒಂದು ಭಾನುವಾರ ಆಟ ತಾನಾಗಿಯೇ ಹೊಸ ಆವೃತ್ತಿಗೆ ಬದಲಾಯಿತು. ತೆರೆದು ನೋಡಿದರೆ ಮುದುಕರಿಂದ ಹಿಡಿದು ಕೂಸಿನ ತನಕ ಯಾರಿಗೂ ಮುಖವಿಲ್ಲ. ಕತ್ತಿನ ಮೇಲೆ ಬರೀ ಕಣ್ಣುಗುಡ್ಡೆ, ಹಲ್ಲು. ನಾನು ಮೂರು ಸಲ ಮೂರ್ಛೆ ಹೋಗಿ ನಾಲ್ಕು ಸಲ ಎದ್ದೆ. ಭಾವ ಪತ್ರಿಕೆಯಿಂದ ತಲೆಯೆತ್ತದೆ, ಎಲ್ಲ ಅಳಿಸಿ ಹೊಸದಾಗಿ ಶುರು ಮಾಡು ಎಂದರು. ಯಾವುದೋ ಒಂದು ಹಳೇ ಫೈಲು ಹೊಸ ಆಟಕ್ಕೆ ಹೊಂದುತ್ತಿಲ್ಲ, ಅದು ಸಿಕ್ಕರೆ ಸಂಸಾರ ಉಳಿಯಿತು ಎಂದಳು ಅಕ್ಕ. ಗಿರಾಕಿಗಳ ಅಳತೆಪುಸ್ತಕದಲ್ಲಿ ಹೊಸ ಹಾಳೆ ತೆರೆದು, ಬಟ್ಟೆ, ಕೂದಲು, ಚಪ್ಪಲಿ ಎಂದು ಗುಂಪು ಮಾಡಿ ಯಾವುದರಲ್ಲಿ ಎಷ್ಟು ಫೈಲು ಎಂದು ಬರೆದುಕೊಂಡಳು.

"ಹೊಲಿಗೆ ಎಲ್ಲಿ ಎಳೀತಿದೆ ಅಂತ ಗೊತ್ತಾಗ್ದಿದ್ರೆ ಇಡೀ ಬಟ್ಟೆ ಹರಿದು ಹಾಕ್ತಾರಾ? ಅರ್ಧ ಬಿಚ್ಚಿ ನೋಡ್ಬೇಕು."

ಹಾಗೇ ಮಾಡಿದಳು. ಅರ್ಧ ಫೈಲು ಹೊರಗಿಟ್ಟು ಆಟ ತೆರೆಯುವುದು. ಮುಖ ಬಂದರೆ ಕಳ್ಳ ಹೊರಗಿನ ಅರ್ಧದಲ್ಲಿದ್ದಾನೆ, ಬರದಿದ್ದರೆ ಒಳಗಿನದರಲ್ಲಿ. ಕಳ್ಳನಿರುವ ಅರ್ಧವನ್ನು ಮತ್ತೆ ಅರ್ಧ ಮಾಡುವುದು. ಆಟ ಒಂದು ಸಲ ತೆರೆದುಕೊಳ್ಳಲು ಒಂದು ಯುಗ ಹಿಡಿಯುತ್ತಿತ್ತು. ಕಾಯುತ್ತ ಕೂತವನಿಗೆ ಎರಡು ಸಲ ಗಡ್ಡ ನೆರೆಯಿತು. ಅಕ್ಕ ಅಷ್ಟರಲ್ಲಿ ಯಾರದೋ ಅಂಗಿಗೆ ಗುಂಡಿ ಹಾಕಿದಳು. ತಟ್ಟೆಯನ್ನು ಮಂಡಿಯ ಮೇಲಿಟ್ಟುಕೊಂಡೇ ಉಂಡಳು. ಹಿಡಿದ ಪಟ್ಟು ಬಿಡುವವಳಲ್ಲ.

ಐದನೇ ಸಲಕ್ಕೆ ಕಳ್ಳ ರೆಪ್ಪೆಗೂದಲಿನ ಗುಂಪಿನಲ್ಲಿದ್ದಾನೆಂದು ಖಚಿತವಾಯಿತು. ಅದನ್ನು ಬರೆದಿಟ್ಟು ಕೈ ತೊಳೆಯಲು ಹೋದಳು. ಮರಳಿ ಬಂದು ಆ ಗುಂಪಿನ ಒಂದರ್ಧ ಮಾತ್ರ ಹಾಕಿದಳು, ಮುಖ ಬಂತು. ಇನ್ನೊಂದರ್ಧ ಮಾತ್ರ ಹಾಕಿದಳು, ಆಗಲೂ ಬಂತು. ತಾನಾಗಿಯೇ ವಾಸಿಯಾಯಿತು ಬಿಡು ಎಂದರು ಭಾವ. ನಾನೂ ಹೌದೆಂದೆ, ಸ್ವಲ್ಪ ಜೋರಾಗಿಯೇ. ಅಕ್ಕ ಎಲ್ಲ ಫೈಲುಗಳನ್ನೂ ಮತ್ತೆ ಒಳಗಿಟ್ಟು ತೆರೆದಳು. ಮುಖಗಳು ಮಾಯ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕೈಚೆಲ್ಲುತ್ತಿದ್ದರು. ಅಕ್ಕ ಅಳತೆಪುಸ್ತಕ ಹತ್ತಿರಕ್ಕೆಳೆದಳು. ರೆಪ್ಪೆಗೂದಲಿನ ಗುಂಪು ಪುಸ್ತಕದಲ್ಲಿ ನೂರ ಒಂಬತ್ತು, ಫೋಲ್ಡರಿನಲ್ಲಿ ನೂರ ಎಂಟು. ಒಂದೊಂದೇ ಗುಂಪನ್ನು ಪುಸ್ತಕಕ್ಕೆ ಹೋಲಿಸುತ್ತ ಹೋದಳು. ಚಪ್ಪಲಿಗಳಲ್ಲಿ ಒಂದು ಹೆಚ್ಚಿತ್ತು.

"ಫೈಲಿಗೆ ಕಾಲು ಬರಲ್ಲ. ನಾನು ಎದ್ದು ಹೋದಾಗ ಈ ಕುರ್ಚೀಲಿ ಕೂತಿದ್ದು ಯಾರು?"

ಭಾವ ಪತ್ರಿಕೆಯ ಹಿಂದಿನಿಂದಲೇ ನನ್ನತ್ತ ಬೆರಳು ತೋರಿಸಿದರು. ಫ್ಯಾನಿನ ಗಾಳಿಗೆ ಮೌಸ್ ಜಾರಿರಬಹುದು ಎಂದು ನಾನು ವೈಜ್ಞಾನಿಕವಾಗಿ ವಿವರಿಸಲು ಹೊರಟೆ. ಅಕ್ಕ ಪರದೆಯನ್ನು ನನ್ನ ಕಡೆ ತಿರುಗಿಸಿದಳು.

"ಚಪ್ಪಲಿಗಳ ಮಧ್ಯೆ ಮೀಸೆಗೇನೋ ಕೆಲಸ?"

ನಾನು ವಿಜ್ಞಾನವನ್ನು ಅಲ್ಲಿಗೇ ಬಿಟ್ಟೆ.

"ನಂದೇ ಅಕ್ಕ," ಎಂದೆ. "ಆಟದಲ್ಲಿ ನನ್ನ ಥರ ಒಬ್ಬನ್ನ ಮಾಡಿದೀಯಲ್ಲ, ಅವನ ಮುಖ ಬೋಳು ಬೋಳು. ನೀನು ಅಂಗಡಿಗೆ ಹೋದಾಗ ಭುಜದ ತನಕ ಬರೋ ಮೀಸೆ ಎಲ್ಲಿಂದಲೋ ಇಳಿಸಿ, ರೆಪ್ಪೆ ಮಧ್ಯೆ ಬಚ್ಚಿಟ್ಟಿದ್ದೆ. ನೀನು ಹತ್ತಿರ ಬಂದೆ ಅಂತ ಹೆದರಿ ಚಪ್ಪಲಿಗೆ ದಾಟಿಸಿದೆ."

ಅಕ್ಕ ಮೀಸೆಯನ್ನು ಅಳಿಸಿ ಆಟ ತೆರೆದಳು. ಏಳು ತಲೆಮಾರಿಗೂ ಮುಖ ಬಂತು. ಆಟದೊಳಗಿನ ನನ್ನಂಥವನು ಹಿತ್ತಿಲಲ್ಲಿ ಬೋಳು ಮುಖ ಹೊತ್ತು ನಿಂತಿದ್ದ.

ಇಷ್ಟಾದ ಮೇಲೆ ಮುಚ್ಚುಮರೆ ಏನು? ಫೈಲುಗಳು ಮೂರೂವರೆ ಸಾವಿರ. ಹಿಡಿದವಳು ಅಕ್ಕ. ನಾನು ಆ ದಿನ ಹುಡುಕಿದ್ದು ಬಚ್ಚಿಡಲು ಜಾಗವನ್ನು, ಅದನ್ನೂ ಸರಿಯಾಗಿ ಹುಡುಕಲಿಲ್ಲ.