ಅನುಮಾನದ ಬೆಂಚು

ಬಿಡಿಭಾಗಗಳ ಅಂಗಡಿಯ ಕೌಂಟರಿನ ಮೇಲೆ ಗೇರ್‌ಬಾಕ್ಸಿನ ಎಣ್ಣೆ ತಣಿಸುವ ಮೂರು ಕೂಲರ್‌ಗಳು ಸಾಲಾಗಿ ಮಲಗಿದ್ದವು. ಗ್ಯಾರೇಜಿನ ಮೇಸ್ತ್ರಿ ಮೂರನ್ನೂ ನೋಡುತ್ತ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದ. ಅವನನ್ನು ಬಲ್ಲವರು ಇದನ್ನು ಕಂಡಿದ್ದರೆ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡುತ್ತಿದ್ದರು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ವಿಷಯವೆಂದರೆ ಊಟ ಬಿಟ್ಟಾದರೂ ಮಾತಿಗೆ ಕೂರುವ ಮನುಷ್ಯ ಅವನು. ಇಪ್ಪತ್ತೆರಡು ವರ್ಷ ಅದನ್ನೇ ಬಿಚ್ಚಿ, ಅದನ್ನೇ ಜೋಡಿಸಿ, ಅಂಗಡಿಯವನಿಗೂ ಆಗಾಗ ಪಾಠ ಹೇಳಿ ಹೋಗುತ್ತಿದ್ದ. ಇವತ್ತು ಮಾತೆಲ್ಲ ಅವನ ತಂಗಿಯದು.

ತಂಗಿಗೆ ನಲವತ್ತೆರಡು ವರ್ಷ. ಊರೆಲ್ಲ ಅವಳನ್ನು ಜೇನಕ್ಕ ಎನ್ನುತ್ತಿತ್ತು, ಅಣ್ಣ ಮಾತ್ರ ಇನ್ನೂ ಪುಟ್ಟಿ ಎನ್ನುತ್ತಿದ್ದ. ಪಿಕಪ್ಪಿನ ಹಿಂದೆ ಟ್ರೇಲರ್ ಕಟ್ಟಿ, ಅದರ ಮೇಲೆ ನಲವತ್ತು ಜೇನುಪೆಟ್ಟಿಗೆ ಹೇರಿ, ಎಲ್ಲಿ ಹೂವೋ ಅಲ್ಲಿಗೆ ಹೋಗುವುದು ಅವಳ ಕಸುಬು. ಈಗ ಬೆಟ್ಟದ ಮೇಲಿನ ಸೇಬಿನ ತೋಟಗಳು ಹೂ ಬಿಟ್ಟಿದ್ದವು. ಹೂ ಇರುವುದು ಹತ್ತೇ ದಿನ. ನಾಳೆ ಸಂಜೆ ಅವಳು ಹೊರಡಬೇಕಿತ್ತು.

"ಇದು ಕೊಳವೆಯದ್ದು, ಹಗುರ ಕೆಲಸಕ್ಕೆ," ಎಂದು ಅಂಗಡಿಯವನು ಮೊದಲನೆಯದನ್ನು ತಟ್ಟಿದ. "ಇದು ಪ್ಲೇಟಿನದ್ದು, ಚಿಕ್ಕ ಜಾಗದಲ್ಲಿ ಜಾಸ್ತಿ ತಣಿಸುತ್ತೆ. ಇದೂ ಪ್ಲೇಟಿನದ್ದೇ, ಫ್ಯಾನ್ ಬೇರೆ ಇದೆ."

"ಏರು ಹನ್ನೆರಡು ಕಿಲೋಮೀಟರ್ ಇದೆ," ಎಂದಳು ತಂಗಿ. "ಹಿಂದೆ ನಲವತ್ತು ಪೆಟ್ಟಿಗೆ. ಇಪ್ಪತ್ತರ ಮೇಲೆ ಸ್ಪೀಡು ಹತ್ತಲ್ಲ. ಆ ಸ್ಪೀಡಿಗೆ ಎಣ್ಣೆ ತಣಿಸೋ ಅಷ್ಟು ಗಾಳಿ ಎಲ್ಲಿಂದ ಬರ್ಬೇಕು? ಫ್ಯಾನಿರೋದೇ ಬೇಕು." ಅಂಗೈ ಬಿಡಿಸಿ ತೋರಿಸಿದಳು. ರೇಡಿಯೇಟರಿನ ಮುಂದಿನ ಜಾಗದ ಉದ್ದ, ಅಗಲ, ದಪ್ಪ ಮೂರನ್ನೂ ಬೆಳಿಗ್ಗೆಯೇ ಅಳೆದು ಪೆನ್ನಿನಲ್ಲಿ ಅಲ್ಲಿ ಬರೆದುಕೊಂಡಿದ್ದಳು. "ಹಿಡಿಯುತ್ತೆ. ಅಲ್ವಾ ಅಣ್ಣ?"

"ಹಿಡಿಯುತ್ತೆ," ಎಂದ ಮೇಸ್ತ್ರಿ.

"ಈಗ ಗಾಡೀಲಿರೋ ಕೂಲರ್ ಚಿಕ್ಕದಾಯ್ತು, ಹತ್ತು ಪೆಟ್ಟಿಗೆ ಹೆಚ್ಚು ಮಾಡಿದ್ದು ನನ್ನದೇ ತಪ್ಪು. ಅದಕ್ಕೇ ಎಣ್ಣೆ ಸೀದ ವಾಸನೆ ಹೊಡೀತಿರೋದು. ಅಲ್ವಾ?"

ಮೇಸ್ತ್ರಿ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಿರುಗಿಸಿದ. "ಇರಬಹುದು," ಎಂದ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿನ ಈ ಉತ್ತರ ಅವನ ಬಾಯಿಂದ ಬಂದದ್ದು ಅವನಿಗೇ ಅಸಹ್ಯವಾಯಿತು. ಎಣ್ಣೆ ಏಕೆ ಸೀಯುತ್ತಿದೆಯೆಂದು ಅವನಿಗೆ ಗೊತ್ತಿತ್ತು.

ಮೂರು ವಾರದ ಹಿಂದೆ ಅವಳ ಗೇರ್‌ಬಾಕ್ಸ್ ಕೆಟ್ಟಿತ್ತು. ಒಳಗೆ ತಿರುಗುವ ದಂಡಕ್ಕೆ ತೊಡಿಸಿದ ಹಿತ್ತಾಳೆಯ ಬಳೆ, ಬುಶ್ ಒಂದು ಸವೆದು, ಪುಡಿಯಾಗಿ, ಎಣ್ಣೆಯ ಜೊತೆ ಎಲ್ಲ ಕಡೆ ಹರಿದಿತ್ತು. ಆ ಬುಶ್ಶಿನ ಉಳಿಕೆಯನ್ನು ಮೇಸ್ತ್ರಿಯೇ ಅವಳ ಕೈಗಿಟ್ಟು ತೋರಿಸಿ, ಇದೇ ಅಂಗಡಿಯ ಹೊಸ ಬುಶ್ ಹಾಕಿ ಜೋಡಿಸಿದ್ದ. ಗೇರ್‌ಬಾಕ್ಸಿನ ಬಿಸಿ ಎಣ್ಣೆ ಕೂಲರಿನೊಳಗೆ ಸುತ್ತಾಡಿ, ತಣಿದು, ವಾಪಸು ಬರುತ್ತದೆ. ಆದ್ದರಿಂದ ಪುಡಿಯೂ ಕೂಲರಿನೊಳಗೆ ಹೋಗಿ ಕೂರುತ್ತದೆ. ಪ್ಲೇಟಿನ ಕೂಲರನ್ನಂತೂ ಎಷ್ಟು ತೊಳೆದರೂ ಆ ಪುಡಿ ಪೂರ್ತಿ ಬರುವುದಿಲ್ಲ, ಎಣ್ಣೆಯ ದಾರಿ ಕಟ್ಟಿಕೊಂಡು ಅದು ತಣಿಯುವುದಿಲ್ಲ. ಗೇರ್‌ಬಾಕ್ಸ್ ಸತ್ತರೆ ಅದರ ಕೂಲರೂ ಸತ್ತಂತೆಯೇ ಎಂದು ಅವನು ಗ್ಯಾರೇಜಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಬಾಯಲ್ಲಿ ಹೇಳಿದ್ದು ಸಾಲದೆಂದು, ಬಿಚ್ಚಿದ ಪ್ರತಿ ಕೂಲರನ್ನೂ ಗರಗಸದಿಂದ ಎರಡು ಹೋಳು ಮಾಡಿ, ಬಿಳಿ ಬಟ್ಟೆಯ ಮೇಲೆ ಕುಟ್ಟಿ, ಉದುರಿದ್ದನ್ನು ಮಾಲೀಕನಿಗೆ ತೋರಿಸುತ್ತಿದ್ದ.

ಅಂಥವನು, ಸ್ವಂತ ತಂಗಿಯ ಗಾಡಿಗೆ, ಹಳೆಯ ಕೂಲರನ್ನೇ ತೊಳೆದು ಹಾಕಿದ್ದ.

ಕಾರಣವಿತ್ತು. ಹೊಸ ಕೂಲರ್ ಬರಲು ನಾಲ್ಕು ದಿನ ಬೇಕಿತ್ತು. ಅವಳ ಪೆಟ್ಟಿಗೆಗಳಿದ್ದ ಹೊಲದಲ್ಲಿ ಮಾರನೆಯ ದಿನ ಔಷಧಿ ಸಿಂಪಡಿಸುವವರಿದ್ದರು. ಅಷ್ಟರೊಳಗೆ ಹುಳುಗಳನ್ನು ಸಾಗಿಸದಿದ್ದರೆ ಒಂದೂ ಉಳಿಯುತ್ತಿರಲಿಲ್ಲ. ಮೇಸ್ತ್ರಿ ಒಂದು ಮಧ್ಯಾಹ್ನವಿಡೀ ಹಿಂದುಮುಂದಾಗಿ ತೊಳೆದ, ಗಾಳಿ ಹೊಡೆದ, ಬರುವ ನೀರು ತಿಳಿಯಾಗುವವರೆಗೆ ಬಿಡಲಿಲ್ಲ. ಅಲ್ಲಿಗೆ ನಿಲ್ಲಿಸಿ ನಿಜ ಹೇಳಿದ್ದರೆ ಆಗುತ್ತಿತ್ತು. ಬೀಗದ ಕೈ ಕೊಡುವಾಗ ಅವಳು ಕೇಳದಿದ್ದರೂ ತಾನಾಗಿ, "ಎಲ್ಲಾ ಹೊಸದು ಪುಟ್ಟಿ, ಕಣ್ಣು ಮುಚ್ಚಿಕೊಂಡು ಓಡಿಸು," ಎಂದುಬಿಟ್ಟ. ಜಂಬ ಅವನ ಹಳೆಯ ಕಾಯಿಲೆ. ಹೊಸ ಕೂಲರ್ ಬಂದ ಮೇಲೆ ಹೇಗೋ ಗುಟ್ಟಾಗಿ ಬದಲಾಯಿಸಿದರಾಯಿತು ಎಂದುಕೊಂಡಿದ್ದ. ಆ ಹೇಗೋ ಎಂಬುದು ಮೂರು ವಾರವಾದರೂ ಬರಲಿಲ್ಲ.

ಫ್ಯಾನಿನ ಕೂಲರನ್ನು ಮಡಿಲಲ್ಲಿಟ್ಟುಕೊಂಡು ಅವನು ಪಿಕಪ್ಪಿನಲ್ಲಿ ಕುಳಿತ. ತಂಗಿ ಗೇರಿಗೆ ಹಾಕಿದಳು. ಗಾಡಿ ಒಂದು ಕ್ಷಣ ಯೋಚಿಸಿ, ಆಮೇಲೆ ಧಡಕ್ಕೆಂದು ಮುಂದೆ ಹೋಯಿತು.

"ಇವತ್ತು ಇದಕ್ಕೂ ಸೋಮಾರಿತನ," ಎಂದು ನಕ್ಕಳು.

ಅದು ಸೋಮಾರಿತನವಲ್ಲವೆಂದು ಮೇಸ್ತ್ರಿಗೆ ಗೊತ್ತಾಯಿತು. ಪುಡಿ ಹೊಸದಾಗಿ ಜೋಡಿಸಿದ ಗೇರ್‌ಬಾಕ್ಸಿನ ಒಳಕ್ಕೇ ಹೋಗಿ ಕೆಲಸ ಶುರು ಮಾಡಿದೆ. ಇನ್ನು ಕೂಲರ್ ಬದಲಾಯಿಸಿ ಎಣ್ಣೆ ಹೊಸದು ಹಾಕಿದರೆ ವಾಸನೆ ಹೋದೀತು, ರೋಗ ಹೋಗುವುದಿಲ್ಲ. ನಾಳೆ ಏರಿನ ಅರ್ಧದಲ್ಲಿ ಗಾಡಿ ಕೈಕೊಟ್ಟರೆ, ಬಾಗಿಲು ಮುಚ್ಚಿದ ನಲವತ್ತು ಪೆಟ್ಟಿಗೆಗಳು ಬೆಳಗಿನ ಬಿಸಿಲಿಗೆ ಅಲ್ಲೇ ಬೆಂದುಹೋಗುತ್ತವೆ. ಟ್ರೇಲರ್ ಹಿಂದಕ್ಕೆ ಜಾರಿದರೆ ಏನಾಗುತ್ತದೆ ಎಂಬುದನ್ನು ಅವನು ಯೋಚಿಸಲು ಹೋಗಲಿಲ್ಲ. ಗೇರ್‌ಬಾಕ್ಸ್ ಮತ್ತೆ ಬಿಚ್ಚಲೇಬೇಕು, ಬಿಚ್ಚಿದರೆ ಬಿಡಿಭಾಗ ಬಂದು ಸೇರಲು ಹತ್ತು ದಿನ, ಅಷ್ಟರಲ್ಲಿ ಹೂ ಮುಗಿದಿರುತ್ತದೆ. ಹಾಗೆ ಹೇಳಿದರೆ ಏಕೆ ಎಂದು ಕೇಳುತ್ತಾಳೆ. ಒಂದು ಸಲ ಮೇಲೆ ಹತ್ತಿಬಿಟ್ಟರೆ ಸಾಕು, ಇಳಿದು ಬಂದ ಮೇಲೆ ಏನಾದರೂ ನೆಪ ಹೇಳಿ ಬಿಚ್ಚುತ್ತೇನೆ ಎಂದು ಮನಸ್ಸು ಲೆಕ್ಕ ಹಾಕತೊಡಗಿತು. ತನ್ನ ಮನಸ್ಸು ಇಷ್ಟು ಕೊಳಕು ಎಂದು ಐವತ್ತು ತುಂಬಿದ ಮೇಲೆ ಅವನಿಗೆ ಗೊತ್ತಾಯಿತು.

ಗ್ಯಾರೇಜಿನ ಬಾಗಿಲಲ್ಲೇ ಒಂದು ಉದ್ದನೆಯ ಮರದ ಬೆಂಚಿತ್ತು. ಮೇಸ್ತ್ರಿ ಅದಕ್ಕೆ ಅನುಮಾನದ ಬೆಂಚು ಎಂದು ಹೆಸರಿಟ್ಟಿದ್ದ. ಬೀಗದ ಕೈ ಕೊಟ್ಟು ಹೋಗುವವರು ಒಂದು ಜಾತಿ, ಅಲ್ಲೇ ಕೂತು ಕೆಲಸ ಕಾಯುವವರು ಇನ್ನೊಂದು ಜಾತಿ. ಈ ಎರಡನೆಯವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಬಿಚ್ಚಿದ ಪ್ರತಿ ಬೋಲ್ಟನ್ನೂ ಮೇಲಕ್ಕೆತ್ತಿ, "ನೋಡ್ಕೊಳ್ಳಿ ಸ್ವಾಮಿ, ನಿಮ್ಮದೇ ಬೋಲ್ಟು, ಆಮೇಲೆ ಮೇಸ್ತ್ರಿ ನುಂಗಿದ ಅನ್ಬೇಡಿ," ಎಂದು ಗೋಳು ಹೊಯ್ದುಕೊಳ್ಳುತ್ತಿದ್ದ. ಅವರ ಮುಖ ಹುಳ್ಳಗಾಗುವುದನ್ನು ನೋಡಿ ತಂಗಿಯೂ ನಗುತ್ತಿದ್ದಳು. ಗಾಡಿ ಕೊಂಡ ಹದಿನೆಂಟು ವರ್ಷದಲ್ಲಿ ಅವಳು ಆ ಬೆಂಚಿನ ಮೇಲೆ ಒಂದು ದಿನವೂ ಕೂತವಳಲ್ಲ. ಬೀಗದ ಕೈಯನ್ನು ಮೊಳೆಗೆ ನೇತು ಹಾಕಿ ಮನೆಗೆ ಹೋಗುತ್ತಿದ್ದಳು.

ಇವತ್ತು ಅವಳಿಗೆ ಹುರುಪು. ಮುಂದಿನ ಜಾಲರಿ ತಾನೇ ಬಿಚ್ಚಿದಳು. ಮೇಸ್ತ್ರಿ ಹಳೆಯ ಕೂಲರನ್ನು ಹೊರತೆಗೆದು ಕಾಲಿನಿಂದ ಗುಜರಿಯ ಕಡೆ ನೂಕುವಷ್ಟರಲ್ಲಿ ಅವಳು ಬಿಳಿ ಬಟ್ಟೆ ಹಾಸಿಯಾಗಿತ್ತು. ಗ್ಯಾರೇಜು ಶುರುವಾದಾಗಿನಿಂದ, ಅವಳು ಅಲ್ಲಿದ್ದ ದಿನ ಬಟ್ಟೆ ಹಾಸುವ ಕೆಲಸ ಅವಳದ್ದೇ.

"ಕೊಯ್ಯಿ," ಎಂದಳು.

"ಮೂರು ವಾರದ ಕೂಲರ್‌ನ ಕೊಯ್ದು ಏನು ನೋಡೋದು? ಬಿಡು, ಟೈಮಿಲ್ಲ."

"ಯಾರ ಗಾಡಿದೇ ಆಗ್ಲಿ ಕೊಯ್ದೇ ಕೊಯ್ತೀಯ. ನಂದು ಮಾತ್ರ ಯಾಕೆ ಬೇಡ?"

"ಬ್ಲೇಡು ಮೊಂಡಾಗಿದೆ."

ಅವಳು ಎದ್ದು ಹೋಗಿ ಹೊಸ ಬ್ಲೇಡು ತಂದಳು. ಅದು ಎಲ್ಲಿರುತ್ತದೆಂದು ಅವನಷ್ಟೇ ಅವಳಿಗೂ ಗೊತ್ತಿತ್ತು.

ಕೊಯ್ಯುವುದಕ್ಕೆ ಐದು ನಿಮಿಷ ಹಿಡಿಯಿತು. ಆ ಐದು ನಿಮಿಷವೂ ಅವನು ತಲೆಯೆತ್ತಲಿಲ್ಲ. ಹೋಳುಗಳು ಬೇರೆಯಾದವು. ತಂಗಿಯೇ ಒಂದನ್ನು ತೆಗೆದುಕೊಂಡು ಬಟ್ಟೆಯ ಮೇಲೆ ಕುಟ್ಟಿದಳು. ಕೆಂಪೆಣ್ಣೆಯ ಜೊತೆ ಕಪ್ಪು ಕೆಸರು ಬಿತ್ತು. ಕೆಸರಿನ ತುಂಬ ಹಳದಿ ಚೂರುಗಳು ಮಿನುಗುತ್ತಿದ್ದವು.

ಅವಳು ಒಂದು ಚೂರನ್ನು ಬೆರಳ ತುದಿಗೆ ಹತ್ತಿಸಿಕೊಂಡು ಬೆಳಕಿಗೆ ಹಿಡಿದಳು. "ಹಿತ್ತಾಳೆ. ಅವತ್ತು ತೋರಿಸಿದ್ಯಲ್ಲ, ಆ ಬುಶ್ಶಿನ ಹಾಗೇ ಇದೆ." ಅದನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿದಳು. ಆಮೇಲೆ ಅವಳ ಮುಖ ಕೆಂಪೇರಿತು. "ಹೊಸ ಬುಶ್ಶು ಮೂರೇ ವಾರಕ್ಕೆ ಹೀಗೆ ಸವೀತಾ? ಕಳಪೆ ಮಾಲು ಕೊಟ್ಟಿದ್ದಾನೆ ಅಣ್ಣ ಆ ಅಂಗಡಿಯವ! ಈಗ ತಾನೇ ಹಲ್ಲು ಕಿಸ್ಕೊಂಡು ಕೂಲರ್ ಮಾರಿದ್ನಲ್ಲ! ಇರು, ಅವನ ಗ್ರಹಚಾರ ಬಿಡಿಸ್ತೀನಿ." ಎಣ್ಣೆಗೈಯಲ್ಲೇ ಫೋನ್ ತೆಗೆದಳು.

ದೇವರೇ ದಾರಿ ಬಿಟ್ಟುಕೊಟ್ಟ ಹಾಗಿತ್ತು. ಅವನು ಹೂಂ ಎನ್ನುವುದೂ ಬೇಕಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಗೇರ್‌ಬಾಕ್ಸ್ ಬಿಚ್ಚಲೂ ನೆಪ ಸಿಗುತ್ತಿತ್ತು, ಅಂಗಡಿಯವನು ಬೈಸಿಕೊಳ್ಳುತ್ತಿದ್ದ, ಅಣ್ಣ ಅಣ್ಣನಾಗಿಯೇ ಉಳಿಯುತ್ತಿದ್ದ. ಫೋನಿನಲ್ಲಿ ಗಂಟೆ ಹೊಡೆದುಕೊಳ್ಳುವುದು ಅವನಿಗೂ ಕೇಳಿಸಿತು. ಅನುಮಾನಪಡಲು ಅವಳಿಗೆ ಇಡೀ ಊರಿನಲ್ಲಿ ಆ ಅಂಗಡಿಯವನು ಸಿಕ್ಕಿದ್ದ. ಎದುರಿಗೇ ಕೂತಿದ್ದವನು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಅದನ್ನು ಅವನಿಂದ ತಾಳಿಕೊಳ್ಳಲಾಗಲಿಲ್ಲ.

"ಫೋನ್ ಇಡು ಪುಟ್ಟಿ," ಎಂದ. "ಬುಶ್ಶು ಒಳ್ಳೇದೇ. ಇದು ಹಳೇ ಬುಶ್ಶಿನ ಚೂರು. ಕೂಲರ್ ಹಳೇದು. ನಾನೇ ತೊಳೆದು ಹಾಕಿದ್ದು."

ಅವಳು ಫೋನ್ ಕೆಳಗಿಳಿಸಿದಳು. ಅದರೊಳಗಿಂದ ಅಂಗಡಿಯವನು ಹಲೋ ಹಲೋ ಎನ್ನುತ್ತಿದ್ದ. ಅವಳು ಅದನ್ನು ಆರಿಸಿದಳು.

"ಎಲ್ಲಾ ಹೊಸದು ಅಂದಿದ್ದೆ."

"ಅಂದಿದ್ದೆ. ಸುಳ್ಳು ಹೇಳ್ದೆ. ಅವತ್ತು ಔಷಧಿ ಹೊಡೀತಾರೆ ಅಂತ ನೀನು ಅಳ್ತಿದ್ದೆ..."

"ಅದನ್ನ ಹೇಳಿದ್ರೆ ನಾನು ಬೇಡ ಅಂತಿದ್ನಾ? ಹಳೇದು ಹಾಕಿದೀನಿ, ಹುಷಾರಾಗಿ ಹೋಗಿ ಬಂದು ಬದಲಾಯಿಸ್ಕೋ ಅಂದಿದ್ರೆ ಆಗ್ತಿರ್ಲಿಲ್ವಾ?"

ಅವನು ಗರಗಸವನ್ನು ಅದರ ಜಾಗದಲ್ಲಿಟ್ಟ.

"ನಾಳೆ ಮೇಲೆ ಹತ್ತುತ್ತಾ ಇದು?"

"ಹತ್ತಿದ್ರೂ ಹತ್ತಬಹುದು. ಅರ್ಧದಲ್ಲಿ ನಿಂತ್ರೂ ನಿಲ್ಲಬಹುದು."

"ಗೊತ್ತಿದ್ದೂ ಅಂಗಡೀಲಿ ಸುಮ್ನಿದ್ದೆ." ಅವಳು ಕಿರುಚಲಿಲ್ಲ. ಕಿರುಚಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ನಂದೇ ತಪ್ಪು ಅಂತ ನಾನು ಅಂದಾಗ್ಲೂ ಇರಬಹುದು ಅಂದೆ."

ಅವಳು ಹೊರಗೆ ಹೋಗಿ ನಾಲ್ಕಾರು ಕಡೆ ಫೋನ್ ಮಾಡಿದಳು. ಸಿಕ್ಕಿದ್ದು ಒಂದು ಸಣ್ಣ ವ್ಯಾನು, ಹದಿನೆಂಟು ಪೆಟ್ಟಿಗೆ ಹಿಡಿಯುವಂಥದ್ದು, ಅದೂ ಒಂದೇ ಸಲಕ್ಕೆ. ಉಳಿದ ಇಪ್ಪತ್ತೆರಡಕ್ಕೆ ಈ ಸಲ ಸೇಬಿನ ಹೂವಿಲ್ಲ. ಹೂವಿಲ್ಲದ ತಿಂಗಳಲ್ಲಿ ಆ ಹುಳುಗಳಲ್ಲಿ ಎಷ್ಟೋ ಹಸಿವಿಗೆ ಸಾಯುತ್ತವೆಂದು ಇಬ್ಬರಿಗೂ ಗೊತ್ತಿತ್ತು.

ಮೇಸ್ತ್ರಿ ಗಾಡಿಯನ್ನು ಮೇಲೆತ್ತಿ, ಕೆಳಗೆ ಎಣ್ಣೆಯ ತಟ್ಟೆ ಇಟ್ಟ. ಇನ್ನು ಬೇರೆ ಗ್ಯಾರೇಜಿಗೆ ಎಳೆಸಿಕೊಂಡು ಹೋಗುತ್ತಾಳೆ ಎಂದು ಅವನು ಗಟ್ಟಿ ಮಾಡಿಕೊಂಡಿದ್ದ. ಅವಳು ಒಳಗೆ ಬಂದು ಬೀಗದ ಕೈ ಅವನ ಕೈಗೇ ಕೊಟ್ಟಳು. ಅವನ ಕಣ್ಣು ತುಂಬಿ ಬಂತು.

"ನೀನು ಮನೆಗೆ ಹೋಗಮ್ಮ," ಎಂದ. "ಪೆಟ್ಟಿಗೆ ಕಟ್ಟೋದಿದೆಯಲ್ಲ. ಮುಗಿದ ಮೇಲೆ ಫೋನ್ ಮಾಡ್ತೀನಿ."

"ಇಲ್ಲ ಅಣ್ಣ."

ಬಾಗಿಲ ಬಳಿಯಿಂದ ಬೆಂಚನ್ನು ದರದರ ಎಳೆದು ತಂದು, ಗಾಡಿಗೆ ಎದುರಾಗಿ ಹಾಕಿಕೊಂಡು ಕುಳಿತಳು. ಕೋಪದಿಂದ ಕೂತಂತಿರಲಿಲ್ಲ. ಬೇರೆಲ್ಲರೂ ಕೂರುವ ಹಾಗೆ, ಮೊಣಕಾಲ ಮೇಲೆ ಕೈಯಿಟ್ಟುಕೊಂಡು, ಅವನ ಕೈಯನ್ನೇ ನೋಡುತ್ತ ಕುಳಿತಳು.

ಅವನು ಗಾಡಿಯ ಕೆಳಗೆ ಹೋಗಿ ಮೊದಲ ಬೋಲ್ಟು ಬಿಚ್ಚಿದ. ಅದನ್ನು ಒರೆಸಿ, ಅವಳಿಗೆ ಕಾಣುವಂತೆ ಬೆಳಕಿಗೆ ಎತ್ತಿ ಹಿಡಿದ. ಗೋಳು ಹೊಯ್ದುಕೊಳ್ಳುವ ಮಾತು ಯಾವುದೂ ಬಾಯಿಗೆ ಬರಲಿಲ್ಲ. ಅವಳು ಅದನ್ನು ನೋಡಿದಳು, ತಲೆಯಾಡಿಸಿದಳು.

"ಮುಂದಿನದು," ಎಂದಳು.