ನಿಧಾನಪ್ಪ ಮೈಕು ಹಿಡಿದ ದಿನ

ಯುದ್ಧ ಬೇಕೆಂದು ಪುರಭವನದಲ್ಲಿ ಕರೆದ ಸಭೆಯಲ್ಲಿ ಅಪ್ಪ ಬಾಯಿ ಬಿಟ್ಟರೆ ತನ್ನ ಕೆಲಸಕ್ಕೆ ಕಲ್ಲು ಬಿತ್ತು ಎಂದೇ ಮಗಳು ಹೆದರಿದ್ದಳು. ಹೆದರದೆ ಏನು ಮಾಡುತ್ತಾಳೆ? ಮೊನ್ನೆ ಮೊನ್ನೆ ಸೈನ್ಯದಲ್ಲಿ ಅಧಿಕಾರಿಯಾದವಳು. ಗಡಿಯಾಚೆ ಯುದ್ಧ ಶುರುವಾದರೆ ಮೊದಲು ಹೊರಡುವುದು ಅವಳ ತುಕಡಿಯೇ. ಅಂಥವಳ ಅಪ್ಪನೇ ಯುದ್ಧ ಬೇಡ ಎಂದರೆ, ಮಗಳನ್ನು ಉಳಿಸಿಕೊಳ್ಳುವ ನಾಟಕ ಎಂದು ಊರು ಆಡಿಕೊಳ್ಳದೆ ಬಿಡುತ್ತದೆಯೆ? ಆಡುವವರ ಬಾಯಿಗೆ ಬೀಗ ಹಾಕಿದವರುಂಟೆ?

ಅಪ್ಪ ಸೈನ್ಯದಲ್ಲಿ ನೆಲಬಾಂಬ್ ತೆಗೆಯುವ ತಂಡದ ಹವಾಲ್ದಾರರಾಗಿದ್ದವರು. ಬೆರಳ ತುದಿಯಲ್ಲಿ ಮಣ್ಣು ಸರಿಸಿ ಸರಿಸಿ ಎಲ್ಲದರಲ್ಲೂ ನಿಧಾನ. ಜೊತೆಗಾರರು ತಮಾಷೆಗೆ ನಿಧಾನಪ್ಪ ಎಂದದ್ದು ಹಾಗೇ ನಿಂತುಬಿಟ್ಟಿತು. ಮನೆಯವರೆಲ್ಲ ಉಂಡು ಪಾತ್ರೆ ತೊಳೆದಿಟ್ಟ ಮೇಲೂ ಅವರ ತಟ್ಟೆಯೊಂದು ಬಾಕಿ ಇರುತ್ತಿತ್ತು. ಆ ಬೆಳಿಗ್ಗೆ, ಇವತ್ತೊಂದು ದಿನ ಸುಮ್ಮನಿರಿ ಎಂದು ಮಗಳು ಬೇಡಿಕೊಂಡಳು. ಅವರು ಬೂಟಿಗೆ ಪಾಲಿಶ್ ಉಜ್ಜುತ್ತಲೇ ಇದ್ದರು. ಅಮ್ಮ ಇಬ್ಬರ ಕಡೆಗೂ ಸೇರಲಿಲ್ಲ. ಇವರನ್ನು ಬದಲಾಯಿಸುವುದು ಸೈನ್ಯದ ಕೈಲೇ ಆಗಲಿಲ್ಲ, ನಿನ್ನ ಕೈಲಿ ಆಗುತ್ತದೆಯೇ ಎಂದು ಮಗಳಿಗೆ ಹೇಳಿ ನಕ್ಕಳು.

ಪುರಭವನ ಕಿಕ್ಕಿರಿದಿತ್ತು. ಮೇಲಧಿಕಾರಿಯ ಜೊತೆ ಮಗಳೂ ಬಂದು ಕೂತಿದ್ದಳು. ನಿವೃತ್ತ ಸೈನಿಕರೆಲ್ಲ ಯುದ್ಧದ ಪರ ಎಂದು ಸಂಘಟಕ ಮೈಕಿನಲ್ಲಿ ಘೋಷಿಸಿಯೇಬಿಟ್ಟಿದ್ದ. ಒಬ್ಬರನ್ನಾದರೂ ಕೇಳಿದ್ದನೆ? ಕೂಸು ಹುಟ್ಟುವ ಮುಂಚೆ ಕುಲಾವಿ! ಎರಡು ಮಾತಾಡಿ ಎಂದು ನಿಧಾನಪ್ಪನವರನ್ನು ಕರೆದ.

"ಹೋದ ಸಲ ಯುದ್ಧ ಗೆದ್ವಿ. ಆಮೇಲೆ ನಾವು ಹುಗಿದ ಬಾಂಬ್‌ಗಳನ್ನೇ ವರ್ಷಗಟ್ಟಲೆ ತೆಗೀತಾ ಕೂತ್ವಿ. ಅವು ಸಿಡಿದು ಸತ್ತೋರು ನಮ್ಮ ಕಾವಲಿನವರು, ನಮ್ಮ ದನ ಕಾಯೋರು. ಆ ಕಡೆ ಮನೆ ಕಳ್ಕೊಂಡ ಮಕ್ಕಳು ದೊಡ್ಡವರಾಗಿ ಬಂದೂಕು ಹಿಡ್ಕೊಂಡು ಬಂದ್ರು. ಗೆದ್ದ ಮೇಲೇ ನಮ್ಮ ಗಡಿಯ ನಿದ್ದೆ ಕೆಟ್ಟಿದ್ದು."

ಮಗಳನ್ನು ಮನೆಯಲ್ಲೇ ಬಚ್ಚಿಟ್ಟುಕೋ ಎಂದು ಹಿಂದಿನಿಂದ ಯಾರೋ ಕೂಗಿದ. ಸಭೆ ಗೊಳ್ಳೆಂದಿತು. ಮಗಳು ತಲೆ ತಗ್ಗಿಸಿದಳು. ನಗು ಮುಗಿಯುವವರೆಗೂ ನಿಧಾನಪ್ಪ ಕಾದರು.

"ಅಪ್ಪಣೆ ಆದ್ರೆ ಅವಳು ಹೋಗ್ತಾಳೆ. ತಡೆಯೋನು ನಾನಲ್ಲ. ನಮ್ಮ ತಂಡದಲ್ಲೊಂದು ಕಟ್ಟಳೆ ಇತ್ತು. ದಾರಿ ಚೊಕ್ಕ ಆಗಿದೆ ಅಂದವನೇ ಮೊದಲು ನಡೀಬೇಕು, ಆಮೇಲೆ ಮಿಕ್ಕೋರನ್ನ ಕರೀಬೇಕು. ಈ ದಾರಿ ಚೊಕ್ಕ ಇದೆ ಅಂತ ನಾನಂತೂ ಹೇಳಲ್ಲ. ಹೇಳೋರು ಮೊದಲು ನಡೀರಿ."

ಸಂಘಟಕ ಮೈಕು ಕಿತ್ತುಕೊಂಡ. ಬೈಗುಳದ ನಡುವೆಯೇ ನಿಧಾನಪ್ಪ ಕೆಳಗಿಳಿದು ಬಾಗಿಲ ಕಡೆ ಹೊರಟರು. ಆಗ ಮುಂದಿನ ಸಾಲಿನ ಹಳೆಯ ಜೊತೆಗಾರರು ಎದ್ದರು. ಮಂಡಿನೋವಿನವರು, ಊರುಗೋಲಿನವರು, ಎಲ್ಲರೂ ಒಬ್ಬರ ಹಿಂದೊಬ್ಬರು, ಮುಂದಿನವನು ಕಾಲಿಟ್ಟಲ್ಲೇ ಕಾಲಿಟ್ಟು ನಡೆದರು. ಬಾಂಬ್ ಹುಗಿದ ನೆಲದಲ್ಲಿ ಹಾಗೆ ನಡೆದೇ ಬದುಕಿ ಬಂದವರು. ಸಿಮೆಂಟಿನ ನೆಲದ ಮೇಲೂ ಚಾಳಿ ಬಿಡಲಿಲ್ಲ. ನಗುವಂಥದೇ ನೋಟ. ಯಾರೂ ನಗಲಿಲ್ಲ.

ಮಗಳಿಗೆ ಎದೆಯುಬ್ಬಿ ಬಂತು. ಇಂಥವರಿಗೆ ಸುಮ್ಮನಿರಿ ಎಂದೆನಲ್ಲ ಎಂದು ನಾಚಿಕೆಯೂ ಆಯಿತು. ಮೈಮೇಲೆ ಸಮವಸ್ತ್ರವಿತ್ತು, ಪಕ್ಕದಲ್ಲೇ ಮೇಲಧಿಕಾರಿ ಕೂತಿದ್ದರು. ಕೂತಿರಲಿ. ಎದ್ದು ಸಾಲಿನ ಕೊನೆಗೆ ಸೇರಿ, ಮುಂದಿನ ಮುದುಕ ಕಾಲಿಟ್ಟಲ್ಲೇ ಕಾಲಿಟ್ಟಳು.

ಬಾಗಿಲಲ್ಲಿ ತಿರುಗಿ ನೋಡಿದ ನಿಧಾನಪ್ಪನವರ ಮುಖ ಸಣ್ಣದಾಯಿತು. "ಪುಟ್ಟೀ, ನಿನ್ನ ಕೆಲಸ..."

"ಮೊದಲು ನೀವು ನಡೆದಿದ್ದೀರಲ್ಲಪ್ಪಾ," ಎಂದಳು ಮಗಳು. "ನಡೀರಿ, ಬರ್ತೀನಿ."